ಕೊಳಲಿನ ಬೆರಳುಗಾರಿಕೆ: ಹರಿಕಾಂಭೋಜಿಯಿಂದ ತೋಡಿಯವರೆಗೆ

ಕರ್ನಾಟಕ ಸಂಗೀತದ ಕೊಳಲಿನಲ್ಲಿ ಊದುವ ರಂಧ್ರ ಒಂದು, ಬೆರಳಿನ ರಂಧ್ರ ಎಂಟು. ಆ ಎಂಟರಲ್ಲಿ ಏಳಕ್ಕೆ ಮಾತ್ರ ಬೆರಳಿನ ಕೆಲಸ. ತುದಿಯ ಎಂಟನೆಯದು ಸದಾ ತೆರೆದೇ ಇರುತ್ತದೆ. ಈ ಏಳು ರಂಧ್ರಗಳಲ್ಲೇ ಹನ್ನೆರಡು ಸ್ವರಸ್ಥಾನಗಳು ಹುಟ್ಟಬೇಕು, ಸುಮಾರು ಎರಡೂವರೆ ಸ್ಥಾಯಿ (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನದು ಒಂದು ಸ್ಥಾಯಿ; ಕೆಳಗಿನದು ಮಂದ್ರ, ನಡುವಿನದು ಮಧ್ಯ, ಮೇಲಿನದು ತಾರ) ಓಡಾಡಬೇಕು, ಅದರ ಮೇಲೆ ಗಮಕವೂ, ಅಂದರೆ ಸ್ವರವನ್ನು ತೂಗಿಸಿ ಜಾರಿಸುವ ಬಳುಕೂ, ಬರಬೇಕು. ಯಾವ ಸ್ವರಕ್ಕೆ ಎಷ್ಟು ರಂಧ್ರ ಮುಚ್ಚಬೇಕು ಎಂಬ ಪಟ್ಟಿಯನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ಆದರೂ ಕಲಿಯುವವರು ತಿಂಗಳುಗಟ್ಟಲೆ ಸಿಕ್ಕಿಬೀಳುತ್ತಾರೆ, ಅದೂ ಹೆಚ್ಚಾಗಿ ಎರಡೇ ಜಾಗಗಳಲ್ಲಿ. ಒಂದು, ಅರ್ಧ ಮುಚ್ಚುವ ರಂಧ್ರಗಳು. ಇನ್ನೊಂದು, ಮಧ್ಯಸ್ಥಾಯಿಯ ಗಾಂಧಾರದಿಂದ ಮಧ್ಯಮಕ್ಕೆ ದಾಟುವುದು. ಈ ಎರಡು ಕಷ್ಟಗಳನ್ನು ಗಮನದಲ್ಲಿಟ್ಟು ಪಾಠದ ಕ್ರಮ ಹೆಣೆದರೆ ದಾರಿ ಬಹಳ ಸುಗಮವಾಗುತ್ತದೆ.

ಕೊಳಲು ಮತ್ತು ಹಿಡಿತ

ಕೊಳಲಿನ ಶ್ರುತಿಯನ್ನು ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮನೆ ಎಂದರೆ ಪಾಶ್ಚಾತ್ಯರ ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ. ಮನೆಯ ಸಂಖ್ಯೆ ಏರಿದಂತೆ ಕೊಳಲು ಗಿಡ್ಡವಾಗುತ್ತದೆ, ರಂಧ್ರಗಳು ಹತ್ತಿರ ಹತ್ತಿರ ಬರುತ್ತವೆ. ದೊಡ್ಡವರು ಐದು ಮನೆಯ ಕೊಳಲಿನಿಂದ ಆರಂಭಿಸಿದರೆ ಬೆರಳಿಗೆ ಹಿತ. ಹತ್ತು ವರ್ಷದ ಮಗುವಿಗೆ ಆರು ಅಥವಾ ಅದಕ್ಕಿಂತ ಮೇಲಿನದು ವಾಸಿ. ಎರಡೂವರೆ ಮನೆಯ ಉದ್ದ ಕೊಳಲಿನ ಗಂಭೀರ ನಾದಕ್ಕೆ ಮನಸೋತು ಅದನ್ನೇ ಮೊದಲು ಕೊಂಡವರಿಗೆ ಉಂಗುರ ಬೆರಳು, ಕಿರುಬೆರಳು ರಂಧ್ರಕ್ಕೆ ಎಟಕುವುದೇ ಇಲ್ಲ. ಕೊಳ್ಳುವಾಗ ಶ್ರುತಿಪೆಟ್ಟಿಗೆ ಹಾಕಿಕೊಂಡು ಮಧ್ಯ ಷಡ್ಜ, ಪಂಚಮ, ತಾರ ಷಡ್ಜ ಮೂರನ್ನೂ ಊದಿಸಿ ಕೇಳಿ. ಎರಡೂ ಷಡ್ಜಗಳಿಗೆ ಬೆರಳು ಒಂದೇ. ತಾರ ಷಡ್ಜ ಶ್ರುತಿಗೆ ಕೂಡದೆ ಇಳಿದೋ ಏರಿಯೋ ನಿಂತರೆ ಆ ಬಿದಿರನ್ನು ಬಿಟ್ಟುಬಿಡಿ, ಎಷ್ಟು ಸಾಧನೆ ಮಾಡಿದರೂ ಅದು ಸರಿಹೋಗುವುದಿಲ್ಲ.

ಕೊಳಲು ಬಲಕ್ಕೆ ಚಾಚಿರುತ್ತದೆ. ಊದುವ ರಂಧ್ರದ ಕಡೆಯಿಂದ ಎಣಿಸಿದರೆ 1, 2, 3ನೇ ರಂಧ್ರಗಳಿಗೆ ಎಡಗೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳು. 4, 5, 6, 7ಕ್ಕೆ ಬಲಗೈಯ ತೋರುಬೆರಳಿನಿಂದ ಕಿರುಬೆರಳಿನವರೆಗೆ. ಕೊಳಲಿನ ಭಾರ ಹೊರುವುದು ಮೂರು ಕಡೆ: ಕೆಳತುಟಿಯ ಕೆಳಗೆ, ಎಡ ತೋರುಬೆರಳಿನ ಬುಡದಲ್ಲಿ, ಬಲ ಹೆಬ್ಬೆರಳಿನ ಮೇಲೆ. ಈ ಮೂರೇ ಆಧಾರದ ಮೇಲೆ, ಏಳೂ ಬೆರಳು ಎತ್ತಿದಾಗಲೂ ಕೊಳಲು ಅಲುಗದೆ ನಿಲ್ಲಬೇಕು. ಹೊಸಬರ ಕೈಯಲ್ಲಿ ಅದು ಒಳಕ್ಕೆ ಉರುಳುತ್ತದೆ, ಊದುವ ರಂಧ್ರವನ್ನು ತುಟಿ ಹೆಚ್ಚು ಮುಚ್ಚುತ್ತದೆ, ಗಾಂಧಾರ ಇಳಿದು ಮಂಕಾಗುತ್ತದೆ. ಉರುಳುವುದನ್ನು ತಡೆಯಲು ಕಿರುಬೆರಳನ್ನು ಬಿದಿರಿಗೆ ಒತ್ತಿ ಹಿಡಿಯುವ ಅಭ್ಯಾಸ ಬೇಡ. ಮುಂದೆ ಏಳನೇ ರಂಧ್ರಕ್ಕೆ ಅದೇ ಬೆರಳು ಬಿಡುವಾಗಿರಬೇಕು.

ಬೆರಳಿನ ತುದಿಯಿಂದಲ್ಲ, ತುದಿಯ ಹಿಂದಿನ ಮೆತ್ತನೆಯ ಭಾಗದಿಂದ ಮುಚ್ಚಬೇಕು. ಎರಡು ನಿಮಿಷ ನುಡಿಸಿ ಬೆರಳು ನೋಡಿಕೊಂಡರೆ ರಂಧ್ರದ ಉಂಗುರದಂಥ ಗುರುತು ಪೂರ್ತಿಯಾಗಿ, ನಡುವೆ ಮೂಡಿರಬೇಕು. ಅರ್ಧಚಂದ್ರದಂತೆ ಮೂಡಿದ್ದರೆ ಆ ಬೆರಳಿನಿಂದ ಗಾಳಿ ಸೋರುತ್ತಿದೆ. ಗುರುತು ತೀರಾ ಆಳವಾಗಿದ್ದರೆ ಒತ್ತಡ ಅತಿಯಾಗಿದೆ. ಅಂಥ ಬೆರಳು ಎರಡನೇ ಕಾಲಕ್ಕೇ (ಇಮ್ಮಡಿ ವೇಗಕ್ಕೇ) ಸೋಲುತ್ತದೆ.

ಸ್ವರಗಳು ಎಲ್ಲಿವೆ

ಊದುವ ರಂಧ್ರದಿಂದ ಮೊದಲ ತೆರೆದ ರಂಧ್ರದವರೆಗಿನ ಗಾಳಿಯ ಕಂಬ ಉದ್ದವಾದಷ್ಟೂ ಸ್ವರ ತಗ್ಗು. ಹಾಗಾಗಿ ರಂಧ್ರಗಳನ್ನು ಬಾಯಿಯ ಕಡೆಯಿಂದ ಒಂದೊಂದಾಗಿ ಮುಚ್ಚುತ್ತ ಹೋದರೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಷಡ್ಜಕ್ಕೆ 1, 2 ಮುಚ್ಚಬೇಕು. ಒಂದೇ ಮುಚ್ಚಿದರೆ ಚತುಶ್ರುತಿ ರಿಷಭ, ಎಲ್ಲ ತೆರೆದರೆ ಅಂತರ ಗಾಂಧಾರ. ಷಡ್ಜದಿಂದ ಕೆಳಗೆ, ಮೂರು ಮುಚ್ಚಿದರೆ ಕೈಶಿಕಿ ನಿಷಾದ, ನಾಲ್ಕಕ್ಕೆ ಚತುಶ್ರುತಿ ಧೈವತ, ಐದಕ್ಕೆ ಪಂಚಮ, ಆರಕ್ಕೆ ಶುದ್ಧ ಮಧ್ಯಮ, ಏಳಕ್ಕೆ ಮತ್ತೆ ಅಂತರ ಗಾಂಧಾರ. ಇವನ್ನು ಸಾಲಾಗಿಟ್ಟು ನೋಡಿ: ಇದು 28ನೇ ಮೇಳ (ಮೂಲ ರಾಗ) ಹರಿಕಾಂಭೋಜಿ. ಬಿದಿರಿನಲ್ಲಿ ಕೊರೆದೇ ಇಟ್ಟ ರಾಗ ಇದೇ.

ಉಳಿದ ಐದು ಸ್ವರಸ್ಥಾನಗಳು ಎರಡು ಪೂರ್ಣ ರಂಧ್ರಗಳ ನಡುವೆ, ಅರ್ಧ ಮುಚ್ಚಿದ ಬೆರಳಿನಲ್ಲಿ ಇವೆ. ಮಧ್ಯಸ್ಥಾಯಿಯ ಪೂರ್ತಿ ಪಟ್ಟಿ ಹೀಗೆ:

ಷಡ್ಜ: 1, 2 ಮುಚ್ಚಿ
ಶುದ್ಧ ರಿಷಭ: 1 ಮುಚ್ಚಿ, 2 ಅರ್ಧ
ಚತುಶ್ರುತಿ ರಿಷಭ: 1 ಮುಚ್ಚಿ
ಸಾಧಾರಣ ಗಾಂಧಾರ: 1 ಅರ್ಧ
ಅಂತರ ಗಾಂಧಾರ: ಎಲ್ಲ ತೆರೆದು
ಶುದ್ಧ ಮಧ್ಯಮ: 1ರಿಂದ 6 ಮುಚ್ಚಿ, ಮೇಲಿನ ಊದು
ಪ್ರತಿ ಮಧ್ಯಮ: 1ರಿಂದ 5 ಮುಚ್ಚಿ, 6 ಅರ್ಧ, ಮೇಲಿನ ಊದು
ಪಂಚಮ: 1ರಿಂದ 5 ಮುಚ್ಚಿ, ಮೇಲಿನ ಊದು
ಶುದ್ಧ ಧೈವತ: 1ರಿಂದ 4 ಮುಚ್ಚಿ, 5 ಅರ್ಧ, ಮೇಲಿನ ಊದು
ಚತುಶ್ರುತಿ ಧೈವತ: 1ರಿಂದ 4 ಮುಚ್ಚಿ, ಮೇಲಿನ ಊದು
ಕೈಶಿಕಿ ನಿಷಾದ: 1ರಿಂದ 3 ಮುಚ್ಚಿ, ಮೇಲಿನ ಊದು
ಕಾಕಲಿ ನಿಷಾದ: 1, 2 ಮುಚ್ಚಿ, 3 ಅರ್ಧ, ಮೇಲಿನ ಊದು
ತಾರ ಷಡ್ಜ: 1, 2 ಮುಚ್ಚಿ, ಮೇಲಿನ ಊದು

ಮೇಲಿನ ಊದು ಎಂದರೆ ಅದೇ ಬೆರಳಿಟ್ಟು ಒಂದು ಸ್ಥಾಯಿ ಮೇಲಿನ ಸ್ವರ ಹೊರಡಿಸುವುದು. ಇದಕ್ಕೆ ಜೋರಾಗಿ ಊದಬೇಕೆಂಬ ತಿಳಿವಳಿಕೆ ತಪ್ಪು. ತುಟಿಗಳ ನಡುವಿನ ಸಂದನ್ನು ಕಿರಿದು ಮಾಡಿ, ತುಟಿಯನ್ನು ಒಂದಿಷ್ಟು ಮುಂದೆ ತಂದರೆ ಉಸಿರಿನ ವೇಗ ಹೆಚ್ಚುತ್ತದೆ, ಪ್ರಮಾಣ ಹೆಚ್ಚುವುದಿಲ್ಲ. ಸಂದು ಕಿರಿದಾಗಿಸದೆ ಬರೀ ಜೋರು ಮಾಡಿದರೆ ಸ್ವರ ಕಿರುಚುತ್ತದೆ, ಶ್ರುತಿಯೂ ಏರುತ್ತದೆ. ಮಧ್ಯ ಷಡ್ಜ, ತಾರ ಷಡ್ಜ, ಮತ್ತೆ ಮಧ್ಯ ಷಡ್ಜ, ಬೆರಳು ಅಲುಗಿಸದೆ ದಿನಕ್ಕೆ ಐದು ನಿಮಿಷ ಇದನ್ನೇ ಮಾಡಿದರೆ ತುಟಿ ದಾರಿ ಕಂಡುಕೊಳ್ಳುತ್ತದೆ. ಇಳಿಯುವುದು ಏರುವುದಕ್ಕಿಂತ ಕಷ್ಟ. ಅದಕ್ಕೇ ಹೆಚ್ಚು ಸಮಯ ಕೊಡಿ.

ಸ್ವರ ಸರಿಯಾಗಿ ಬರದಿದ್ದಾಗ ತಪ್ಪು ಯಾವ ಬೆರಳಿನದೆಂದು ಪತ್ತೆ ಮಾಡುವುದು ಸುಲಭ. ಷಡ್ಜದಿಂದ ಒಂದೊಂದೇ ಬೆರಳು ಸೇರಿಸುತ್ತ ಕೆಳಗೆ ಇಳಿಯಿರಿ. ಧೈವತದವರೆಗೆ ನಾದ ತುಂಬಿಕೊಂಡಿದ್ದು ಪಂಚಮದಲ್ಲಿ ಕೆಟ್ಟರೆ ಐದನೇ ಬೆರಳನ್ನು ನೋಡಿ. ಅದು ಸರಿಯಿದ್ದರೆ ಅದನ್ನು ಇಡುವಾಗ ಜಾಗ ಬಿಟ್ಟ ಹಿಂದಿನ ಬೆರಳು ಯಾವುದೆಂದು ನೋಡಿ. ಸಾಮಾನ್ಯವಾಗಿ ಎಡಗೈಯ ಉಂಗುರ ಬೆರಳೇ ಆಗಿರುತ್ತದೆ. ಬಲಗೈ ಚಾಚಿದಾಗ ಎಡ ಮಣಿಕಟ್ಟು ತಿರುಗಿ ಆ ಬೆರಳನ್ನು ಎಳೆದುಬಿಡುತ್ತದೆ. ಒಂದನೇ ರಂಧ್ರದಲ್ಲಿ ಸೋರಿಕೆ ಇದ್ದರಂತೂ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ.

ಪಾಠದ ಕ್ರಮ

ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಕ್ರಮದಲ್ಲಿ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಮಾಯಾಮಾಳವಗೌಳ ರಾಗದಲ್ಲಿ ಶುರುವಾಗುತ್ತದೆ. ಗಾಯನಕ್ಕೆ ಅದು ಸೊಗಸಾದ ಆಯ್ಕೆ: ಸರಿಗಮ, ಪದನಿಸ ಎರಡೂ ಒಂದೇ ಅಚ್ಚಿನವು, ಕಿವಿಗೆ ಬೇಗ ಹಿಡಿಯುತ್ತವೆ. ಕೊಳಲಿನಲ್ಲಿ ಮಾತ್ರ ಆ ಒಂದು ರಾಗಕ್ಕೆ ಮೂರು ಅರ್ಧ ರಂಧ್ರಗಳು ಬೇಕು: ಶುದ್ಧ ರಿಷಭ, ಶುದ್ಧ ಧೈವತ, ಕಾಕಲಿ ನಿಷಾದ. ಪೂರ್ಣ ರಂಧ್ರವನ್ನೇ ಇನ್ನೂ ಸೋರದೆ ಮುಚ್ಚಲಾರದ ಬೆರಳಿಗೆ ಮೊದಲ ದಿನವೇ ಅರ್ಧ ಮುಚ್ಚು ಎಂದರೆ, ಎರಡೂ ಕೆಡುತ್ತವೆ. ಸ್ವರ ತಪ್ಪಿದ್ದು ಸೋರಿಕೆಯಿಂದಲೋ ಅರ್ಧದ ಅಳತೆಯಿಂದಲೋ ಕಲಿಯುವವರಿಗೂ ಗೊತ್ತಾಗುವುದಿಲ್ಲ, ಕಲಿಸುವವರಿಗೂ.

ಆದ್ದರಿಂದ ಬೆರಳಿನ ಮೊದಲ ಪಾಠ ಹರಿಕಾಂಭೋಜಿಯಲ್ಲಿ ಆಗಲಿ. ಅದೇ ಸರಳೆ ವರಸೆ, ಅದೇ ಆದಿತಾಳ, ಸ್ವರಸ್ಥಾನ ಮಾತ್ರ ಬೇರೆ. ಒಂದೂ ಅರ್ಧ ರಂಧ್ರವಿಲ್ಲ. ಮೋಹನ, ಮಧ್ಯಮಾವತಿ, ಶುದ್ಧಸಾವೇರಿ ಕೂಡ ಇದೇ ಗುಂಪಿನವು. ಎರಡು ತಿಂಗಳಲ್ಲಿ ಈ ನಾಲ್ಕರಲ್ಲಿ ಸರಳೆ ವರಸೆ, ಜಂಟಿ ವರಸೆ (ಪ್ರತಿ ಸ್ವರ ಎರಡು ಸಲ ಬರುವ ಪಾಠ) ಎರಡು ಕಾಲದಲ್ಲಿ ಬಂದರೆ ಬೆರಳಿಗೆ ರಂಧ್ರದ ಜಾಗ ಕಣ್ಣಿಲ್ಲದೆಯೂ ತಿಳಿದಿರುತ್ತದೆ.

ಆಮೇಲೆ ಒಂದೇ ಅರ್ಧ ರಂಧ್ರದ ರಾಗಗಳು. ಶಂಕರಾಭರಣ ಮತ್ತು ಹಂಸಧ್ವನಿಯಲ್ಲಿ ಮೂರನೇ ರಂಧ್ರ ಅರ್ಧ, ಕಾಕಲಿ ನಿಷಾದಕ್ಕೆ. ಖರಹರಪ್ರಿಯ ಮತ್ತು ಆಭೋಗಿಯಲ್ಲಿ ಒಂದನೇ ರಂಧ್ರ ಅರ್ಧ, ಸಾಧಾರಣ ಗಾಂಧಾರಕ್ಕೆ. ಅಲ್ಲಿಂದ ಎರಡರವು: ಕಲ್ಯಾಣಿಗೆ ಪ್ರತಿ ಮಧ್ಯಮ, ಕಾಕಲಿ ನಿಷಾದ, ಹಿಂದೋಳಕ್ಕೆ ಸಾಧಾರಣ ಗಾಂಧಾರ, ಶುದ್ಧ ಧೈವತ, ಮಲಹರಿಗೆ ಶುದ್ಧ ರಿಷಭ, ಶುದ್ಧ ಧೈವತ. ಮಲಹರಿಯ ಗೀತೆಗಳನ್ನು ಇಲ್ಲಿಯೇ ತೆಗೆದುಕೊಳ್ಳಬಹುದು. ಮೂರು ಅರ್ಧ ರಂಧ್ರದ ಮಾಯಾಮಾಳವಗೌಳ ಈ ಹಂತದಲ್ಲಿ ಬರಲಿ. ತೋಡಿ ಎಲ್ಲದರ ಕೊನೆಗೆ. ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟುವವರು ಮಾಯಾಮಾಳವಗೌಳದ ವರಸೆಗಳನ್ನು ಹೇಗೂ ಒಪ್ಪಿಸಲೇಬೇಕು. ಈ ಕ್ರಮದಲ್ಲಿ ಬಂದವರಿಗೆ ಅದು ಆರನೇ ತಿಂಗಳ ಹೊತ್ತಿಗೆ ಶ್ರುತಿಶುದ್ಧವಾಗಿ ಕೈಗೆ ಹತ್ತಬಹುದು. ಮೊದಲ ದಿನದಿಂದ ಅದಕ್ಕೇ ಅಂಟಿಕೊಂಡವರಲ್ಲಿ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ಎಲ್ಲೋ ನೇತಾಡುವ ಒಂದು ಸ್ವರ ಗಟ್ಟಿಯಾಗಿ ಕೂತುಬಿಡುತ್ತದೆ, ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಅರ್ಧ ಎಂದರೆ ಎಷ್ಟು

ಅರ್ಧ ಎಂಬುದು ಹೆಸರಿಗೆ ಮಾತ್ರ. ಮುಚ್ಚಿದ ರಂಧ್ರವನ್ನು ತೆರೆಯತೊಡಗಿದಾಗ ಮೊದಲ ಚೂರು ತೆರವಿಗೇ ಶ್ರುತಿ ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಮಾಯಾಮಾಳವಗೌಳದ ರಿಷಭ ಷಡ್ಜಕ್ಕೆ ಅಂಟಿಕೊಂಡಂತೆ ಇರುವ ಸ್ವರವಾದ್ದರಿಂದ ಎರಡನೇ ರಂಧ್ರ ಅರ್ಧಕ್ಕಿಂತ ಹೆಚ್ಚೇ ಮುಚ್ಚಿರಬೇಕು. ಶಂಕರಾಭರಣದ ನಿಷಾದ ಷಡ್ಜದ ಕಡೆಗೆ ವಾಲುವುದರಿಂದ ಮೂರನೇ ರಂಧ್ರದಲ್ಲಿ ತೆರವು ಹೆಚ್ಚು ಬೇಕು. ರಂಧ್ರದ ಅಳತೆ, ಬಿದಿರಿನ ದಪ್ಪ, ಊದಿನ ರಭಸ ಎಲ್ಲವೂ ಇದನ್ನು ಬದಲಿಸುತ್ತವೆ. ಕಣ್ಣಿನಿಂದ ಅಳೆದು ಪ್ರಯೋಜನವಿಲ್ಲ, ತಂಬೂರಿ ಹಾಕಿಕೊಂಡು ಕಿವಿಯಿಂದಲೇ ಜಾಗ ಹುಡುಕಬೇಕು.

ತೆರೆಯುವ ಬಗೆ ಎರಡು. ಬೆರಳನ್ನು ಮೇಲಕ್ಕೆ ಎತ್ತಿ ರಂಧ್ರದ ಮೇಲೆ ತೇಲಿಸುವುದು ಒಂದು, ಬಿದಿರಿಗೆ ತಾಗಿಸಿಕೊಂಡೇ ಅಂಗೈ ಕಡೆಗೆ ಎಳೆದುಕೊಳ್ಳುವುದು ಇನ್ನೊಂದು. ಎರಡನೆಯದನ್ನೇ ಕಲಿಯಬೇಕು. ಎಳೆದ ಬೆರಳಿಗೆ ರಂಧ್ರದ ಅಂಚು ತಾಗಿರುತ್ತದೆ, ಆ ಅಂಚೇ ಬೆರಳಿಗೆ ಅಳತೆ ಹೇಳಿಕೊಡುತ್ತದೆ. ತೇಲಿಸಿದ ಬೆರಳಿಗೆ ಅಳತೆಯೇ ಇಲ್ಲ, ಪ್ರತಿ ಸಲ ಬೇರೆ ಎತ್ತರ. ಎಳೆಯುವ ದಿಕ್ಕು ಕೊಳಲಿನ ಉದ್ದಕ್ಕಲ್ಲ, ಅಡ್ಡಕ್ಕೆ; ಉದ್ದಕ್ಕೆ ಜಾರಿಸಿದರೆ ಪಕ್ಕದ ಬೆರಳಿಗೆ ಡಿಕ್ಕಿ.

ಸಾಧನೆ ಹೀಗೆ ಮಾಡಿ. ಷಡ್ಜ ಹಿಡಿದು ನಾಲ್ಕು ಎಣಿಕೆ ಊದಿ, ಉಸಿರು ನಿಲ್ಲಿಸದೆ ಎರಡನೇ ಬೆರಳನ್ನು ನಿಧಾನವಾಗಿ ಎಳೆಯುತ್ತ ಚತುಶ್ರುತಿ ರಿಷಭದವರೆಗೆ ಹೋಗಿ, ಅಷ್ಟೇ ನಿಧಾನವಾಗಿ ವಾಪಸ್ಸು ಬನ್ನಿ. ಇದೇ ಜಾರು. ದಾರಿಯಲ್ಲಿ ಶುದ್ಧ ರಿಷಭದ ಜಾಗ ಕಿವಿಗೆ ಬಿದ್ದೇ ಬೀಳುತ್ತದೆ. ನಾಲ್ಕನೇ ಸಲ ಅಲ್ಲಿ ನಿಲ್ಲಿ. ಮುಂದೆ ನೇರವಾಗಿ ಷಡ್ಜದಿಂದ ಆ ಜಾಗಕ್ಕೆ, ನಂತರ ಗಾಂಧಾರದಿಂದ ಇಳಿದು ಆ ಜಾಗಕ್ಕೆ. ಮೇಲಿನಿಂದ ಬರುವಾಗ ಒಂದನೇ ಬೆರಳು ಪೂರ್ತಿ, ಎರಡನೆಯದು ಅರ್ಧ, ಎರಡೂ ಒಟ್ಟಿಗೆ ಇಳಿಯಬೇಕು. ಮಾಯಾಮಾಳವಗೌಳದ ಅವರೋಹಣ ಹೆಚ್ಚು ಜನರಿಗೆ ಕೆಡುವುದು ಇಲ್ಲಿಯೇ.

ಸಾಧಾರಣ ಗಾಂಧಾರಕ್ಕೆ ಇನ್ನೊಂದು ದಾರಿಯೂ ಇದೆ: ಒಂದನೇ ರಂಧ್ರ ತೆರೆದು 2, 3 ಮುಚ್ಚುವುದು. ತೆರೆದ ರಂಧ್ರದ ಕೆಳಗೆ ಮುಚ್ಚಿದ ರಂಧ್ರಗಳಿದ್ದರೆ ತೆರೆದದ್ದರ ಸ್ವರ ಇಳಿಯುತ್ತದೆ. ರಂಧ್ರಗಳು ಸಣ್ಣದಾಗಿರುವ ಕೊಳಲಿನಲ್ಲಿ ಇದು ಸಾಕಷ್ಟು ಇಳಿದು ಸಾಧಾರಣಕ್ಕೆ ಹತ್ತಿರ ಬರುತ್ತದೆ, ದೊಡ್ಡದಾಗಿದ್ದರೆ ಏರಿಯೇ ಉಳಿಯುತ್ತದೆ. ನಿಮ್ಮ ಕೊಳಲಿನಲ್ಲಿ ಕೂಡಿದರೆ ವೇಗದ ಸ್ವರಪ್ರಸ್ತಾರಕ್ಕೆ ಉಪಯೋಗ. ಗಮಕಕ್ಕೆ ಮಾತ್ರ ಅರ್ಧ ಬೆರಳೇ ಬೇಕು.

ಗಾಂಧಾರದಿಂದ ಮಧ್ಯಮಕ್ಕೆ

ಈಗ ಅಸಲು ಕಷ್ಟ. ಪಟ್ಟಿಯಲ್ಲಿ ಅಂತರ ಗಾಂಧಾರ ಎಲ್ಲ ತೆರೆದ ಸ್ವರ, ಅದರ ಪಕ್ಕದ ಶುದ್ಧ ಮಧ್ಯಮ ಆರು ಮುಚ್ಚಿದ ಸ್ವರ. ಎರಡಕ್ಕೂ ಅಂತರ ಅರ್ಧ ಸ್ವರವಷ್ಟೇ, ಆದರೆ ಅದನ್ನು ದಾಟಲು ಆರು ಬೆರಳು ಒಂದೇ ಕ್ಷಣಕ್ಕೆ ಇಳಿಯಬೇಕು, ಅದೇ ಕ್ಷಣಕ್ಕೆ ತುಟಿ ಮೇಲಿನ ಊದಿಗೆ ಸರಿಯಬೇಕು. ಬೆರಳು ಮುಂದಾಗಿ ತುಟಿ ಹಿಂದುಳಿದರೆ ಮಂದ್ರ ಮಧ್ಯಮ ಗೊರಕೆಯಂತೆ ಕೇಳುತ್ತದೆ. ಆರರಲ್ಲಿ ಒಂದು ಬೆರಳು ತಡವಾದರೆ ನಡುವೆ ಬೇಡದ ಸ್ವರವೊಂದು ಇಣುಕುತ್ತದೆ.

ಮೊದಲ ಪರಿಹಾರ ಒಂದನೇ ರಂಧ್ರವನ್ನು ತೆರೆದಿಟ್ಟು 2ರಿಂದ 6 ಮುಚ್ಚುವುದು. ಆರು ಮುಚ್ಚಿದ ಗಾಳಿಕಂಬದ ಸುಮಾರು ನಡುವಿನಲ್ಲಿ ಒಂದನೇ ರಂಧ್ರ ಬರುತ್ತದೆ. ಅಲ್ಲಿ ತೆರವು ಇದ್ದರೆ ಕಂಬ ಎರಡಾಗಿ ಕಂಪಿಸಲು ತಾನಾಗಿಯೇ ಒಲಿಯುತ್ತದೆ, ಮೇಲಿನ ಮಧ್ಯಮ ಅಷ್ಟೊಂದು ಒತ್ತಾಯವಿಲ್ಲದೆ ಹೊರಡುತ್ತದೆ, ಕೆಳಗಿನದು ಕೆಮ್ಮುವುದಿಲ್ಲ. ಗಾಂಧಾರದಲ್ಲಿ ಹೇಗೂ ಒಂದನೇ ಬೆರಳು ಮೇಲಿರುವುದರಿಂದ ಇಳಿಸಬೇಕಾದ ಬೆರಳು ಐದಕ್ಕೆ ಇಳಿಯಿತು. ಕೆಲವು ಕೊಳಲುಗಳಲ್ಲಿ ಪೂರ್ತಿ ತೆರೆದರೆ ಮಧ್ಯಮ ಸ್ವಲ್ಪ ಏರುತ್ತದೆ. ಆಗ ಒಂದನೇ ಬೆರಳನ್ನು ರಂಧ್ರದ ಅಂಚಿಗೆ ತಾಗಿಸಿ ಕಿರಿದಾದ ತೆರವು ಬಿಡಿ.

ಎರಡನೆಯದು ಏಳನೇ ರಂಧ್ರ. ಏಳೂ ಮುಚ್ಚಿದಾಗ ಬರುವ ಅಂತರ ಗಾಂಧಾರವನ್ನು ಮೇಲಿನ ಊದಿನಲ್ಲಿ ಊದಿದರೆ ಅದು ಎಲ್ಲ ತೆರೆದ ಗಾಂಧಾರದ್ದೇ ಶ್ರುತಿ. ಅಂದರೆ ಮಧ್ಯಮದಲ್ಲಿ ಆರು ಮುಚ್ಚಿ ನಿಂತಿರುವಾಗ ಕಿರುಬೆರಳನ್ನು ಏಳನೇ ರಂಧ್ರದ ಮೇಲೆ ಇಟ್ಟರೆ ಗಾಂಧಾರ, ಎತ್ತಿದರೆ ಮಧ್ಯಮ. ಗಮಗಮ, ಪಮಗಮ, ಮಗಮಪ ಇಂಥ ಸಂಚಾರಗಳು ಬಲಗೈಯಲ್ಲೇ ಮುಗಿಯುತ್ತವೆ, ಎಡಗೈ ಕದಲುವುದೇ ಇಲ್ಲ. ಶಂಕರಾಭರಣದ ಮಧ್ಯಮವನ್ನು ಗಾಂಧಾರದ ಕಡೆ ತೂಗಿಸುವುದಕ್ಕೂ ಇದೇ ಬೆರಳು ಬೇಕು. ಸಾಧನೆಯಿಲ್ಲದ ಕಿರುಬೆರಳು ಈ ಹೊತ್ತಿನಲ್ಲಿ ಕೈಕೊಡುತ್ತದೆ. ಹಾಗಾಗಿ ಮೊದಲ ತಿಂಗಳಿಂದಲೇ ಮಂದ್ರ ಮಧ್ಯಮ, ಮಂದ್ರ ಗಾಂಧಾರಗಳನ್ನು ಉದ್ದವಾಗಿ ಊದುವ ಪಾಠ ಇರಲಿ.

ಯಾವ ಗಾಂಧಾರ ಯಾವಾಗ ಎಂಬುದಕ್ಕೆ ಒಂದು ಸರಳ ಲೆಕ್ಕ. ಗಾಂಧಾರದ ಅತ್ತಿತ್ತ ರಿಷಭ ಇದ್ದರೆ ತೆರೆದ ಗಾಂಧಾರ. ಅತ್ತಿತ್ತ ಮಧ್ಯಮ, ಪಂಚಮ ಇದ್ದರೆ ಏಳು ಮುಚ್ಚಿದ ಗಾಂಧಾರ. ಸರಿಗಮ ಎಂದು ನೇರ ಏರುವಾಗ ತೆರೆದ ಗಾಂಧಾರ, ಒಂದನೇ ರಂಧ್ರ ತೆರೆದ ಮಧ್ಯಮ. ಅಲಂಕಾರಗಳನ್ನು (ತಾಳಕ್ಕೆ ಹೊಂದಿಸಿದ ಸ್ವರಪಾಠಗಳನ್ನು) ಅಭ್ಯಾಸ ಮಾಡುವಾಗ ಈ ನಿರ್ಧಾರಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ನುಡಿಸುತ್ತ ಯೋಚಿಸಲು ಸಮಯ ಇರುವುದಿಲ್ಲ.

ವಿಡಿಯೊ ನೋಡಿ ಕಲಿಯುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಷಡ್ಜಕ್ಕೆ ಮೂರು ರಂಧ್ರ ಮುಚ್ಚುತ್ತಾರೆ. ಅಲ್ಲಿ ಎಲ್ಲ ತೆರೆದ ಸ್ವರ ತೀವ್ರ ಮಧ್ಯಮ, ಆರು ಮುಚ್ಚಿದ್ದು ಪಂಚಮ. ಕಠಿಣ ದಾಟು ಮಧ್ಯಮ–ಪಂಚಮದ ನಡುವೆ ಬರುತ್ತದೆ. ಪನ್ನಾಲಾಲ್ ಘೋಷ್ (1911–1960) ಉದ್ದನೆಯ ಬಾನ್ಸುರಿಗೆ ಏಳನೇ ರಂಧ್ರ ಸೇರಿಸಿದ್ದು ಪಂಚಮದ ಕೆಳಗೆ ತೀವ್ರ ಮಧ್ಯಮ ಸಿಗಲೆಂದು. ನಮ್ಮ ಏಳನೇ ರಂಧ್ರ ಮಧ್ಯಮದ ಕೆಳಗೆ ಗಾಂಧಾರ ಕೊಟ್ಟಂತೆಯೇ. ಎರಡೂ ಪದ್ಧತಿಗಳು ಬೇರೂರಿರುವ ನಮ್ಮ ರಾಜ್ಯದಲ್ಲಿ ಧಾರವಾಡದ ಕಡೆಯ ಪಾಠವನ್ನೂ ಮೈಸೂರಿನ ಕಡೆಯ ಪಾಠವನ್ನೂ ಒಂದೇ ಕೊಳಲಿನಲ್ಲಿ ಬೆರೆಸಿಕೊಂಡು ಗೊಂದಲಕ್ಕೆ ಬೀಳುವುದು ಸುಲಭ. ಒಂದನ್ನು ಆರಿಸಿಕೊಂಡು ಕನಿಷ್ಠ ಎರಡು ವರ್ಷ ಅದರಲ್ಲೇ ಇರಿ.

ಜಂಟಿ, ದಾಟು, ವೇಗ

ಜಂಟಿ ವರಸೆಯಲ್ಲಿ ಸಸ ರಿರಿ ಎಂದು ಒಂದೇ ಸ್ವರ ಎರಡು ಸಲ ಬರುತ್ತದೆ. ನಾಲಿಗೆಯಿಂದ ತು, ತು ಎಂದು ಬಿಡಿಸುವುದು ಒಂದು ಬಗೆ. ಆದರೆ ಜಂಟಿಯ ಜೀವ ಇರುವುದು ಸ್ಫುರಿತದಲ್ಲಿ: ಎರಡನೇ ಸ್ವರಕ್ಕೆ ಮೊದಲು ಅದರ ಕೆಳಗಿನ ಸ್ವರವನ್ನು ಒಂದು ಮಿಂಚಿನಷ್ಟು ತಾಗಿ ಬರುವುದು. ಷಡ್ಜಕ್ಕೆ ಮೂರನೇ ರಂಧ್ರವನ್ನು ಬೆರಳಿನಿಂದ ಬಡಿಯಿರಿ, ರಿಷಭಕ್ಕೆ ಎರಡನೆಯದನ್ನು, ತೆರೆದ ಗಾಂಧಾರಕ್ಕೆ ಒಂದನೆಯದನ್ನು, ಪಂಚಮಕ್ಕೆ ಆರನೆಯದನ್ನು, ಮಧ್ಯಮಕ್ಕೆ ಏಳನೆಯದನ್ನು. ಬಡಿದ ಬೆರಳು ರಂಧ್ರದ ಮೇಲೆ ಕೂರಬಾರದು. ಕೂತರೆ ಅದು ಇನ್ನೊಂದು ಸ್ವರವಾಗಿಬಿಡುತ್ತದೆ. ಉಸಿರು ಒಂದೇ ಎಳೆಯಾಗಿ ಹರಿಯುತ್ತಿರಲಿ. ನಾಲಿಗೆಯನ್ನೇ ನಂಬಿದವರ ಕೊಳಲು ಮುಂದೆ ವರ್ಣಕ್ಕೆ (ಗೀತೆಯ ನಂತರ ಕಲಿಯುವ ದೊಡ್ಡ ರಚನೆಗೆ) ಬಂದಾಗ ತುಂಡುತುಂಡಾಗಿ ಕೇಳುತ್ತದೆ.

ದಾಟು ವರಸೆ, ಅಂದರೆ ನಡುವಿನ ಸ್ವರ ಬಿಟ್ಟು ಹಾರುವ ಪಾಠ, ಹಲವು ಬೆರಳುಗಳ ಏಕಕಾಲದ ಚಲನೆಗೆ. ಷಡ್ಜದಿಂದ ಪಂಚಮಕ್ಕೆ 3, 4, 5 ಒಟ್ಟಿಗೆ. ಬೆರಳು ರಂಧ್ರದಿಂದ ಎಷ್ಟು ಮೇಲೆ ಏಳುತ್ತದೆ ನೋಡಿಕೊಳ್ಳಿ. ಒಂದು ಅಂಗುಲ ಎದ್ದರೆ ಮೂರನೇ ಕಾಲದ ಆಸೆ ಬಿಡಬೇಕು. ಬೆರಳಿನ ದಪ್ಪದಷ್ಟು ಎತ್ತರ ಧಾರಾಳ ಸಾಕು. ವೇಗ ಹೆಚ್ಚಿಸುವಾಗ ತಾಳವನ್ನು ಓಡಿಸಬೇಡಿ. ತಾಳದ ಒಂದು ಅಕ್ಷರಕ್ಕೆ (ಎಣಿಕೆಗೆ) ಒಂದು ಸ್ವರ, ಎರಡು, ನಾಲ್ಕು. ಅಕ್ಷರದ ನಡೆ ಮಾತ್ರ ಅದೇ. ಮೂರನೇ ಕಾಲ ತೊಡರಿದರೆ ತೊಡರಿದ ಎರಡು ಸ್ವರಗಳನ್ನು ಮಾತ್ರ ಬಿಡಿಸಿಕೊಂಡು ಹತ್ತು ಸಲ ನುಡಿಸಿ, ಇಡೀ ವರಸೆಯನ್ನು ಮತ್ತೆ ಮತ್ತೆ ಓಡಿಸಿದರೆ ತೊಡರೇ ಪಾಠವಾಗುತ್ತದೆ.

ಗಮಕದ ಬೆರಳು

ಶರಭ ಶಾಸ್ತ್ರಿಗಳು, ಅವರ ಶಿಷ್ಯ ಪಲ್ಲಡಂ ಸಂಜೀವ ರಾವ್ ಕೊಳಲನ್ನು ಕಛೇರಿಯ ವಾದ್ಯವಾಗಿ ನಿಲ್ಲಿಸಿದರು. ಅದು ಗಾಯಕರ ಕಂಠದಂತೆ ಹಾಡತೊಡಗಿದ್ದು ಮಾಲಿ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ (1926–1986) ಅವರ ಕೈಯಲ್ಲಿ. ಬೆರಳುಗಳ ಹಿಡಿತವನ್ನೂ ಊದಿನ ಹತೋಟಿಯನ್ನೂ ಅವರು ಬದಲಿಸಿದರು. ರಂಧ್ರವನ್ನು ತೆರೆ–ಮುಚ್ಚು ಎಂಬ ಎರಡೇ ಸ್ಥಿತಿಯಲ್ಲಿ ನೋಡದೆ ನಡುವಿನ ಎಲ್ಲ ಸ್ಥಿತಿಗಳನ್ನೂ ಬಳಸಿದರು. ಅವರ ಶಿಷ್ಯ ಎನ್. ರಮಣಿ (1934–2015) ಆ ದಾರಿಯನ್ನು ಉದ್ದ ಕೊಳಲುಗಳಿಗೂ ಒಯ್ದರು. ಇವತ್ತು ಗಮಕಕ್ಕೆ ಕಲಿಸುವ ಬೆರಳು ಬಹುಮಟ್ಟಿಗೆ ಈ ಮನೆತನದ್ದೇ.

ಸ್ವರವನ್ನು ತೂಗಿಸುವ ಗಮಕವಾದ ಕಂಪಿತದಲ್ಲಿ ಮೊದಲು ಗೊತ್ತಾಗಬೇಕಾದ್ದು ಸ್ವರ ಯಾವ ಎರಡು ಅಂಚುಗಳ ನಡುವೆ ತೂಗುತ್ತದೆ ಎಂಬುದು. ಅದು ಗೊತ್ತಾದರೆ ಬೆರಳು ತಾನಾಗಿ ಸಿಗುತ್ತದೆ. ಕಲ್ಯಾಣಿಯ ನಿಷಾದ ಷಡ್ಜದ ಕಡೆ ತೂಗುತ್ತದೆ: 1, 2 ಮುಚ್ಚಿ ಮೂರನೇ ಬೆರಳನ್ನು ಅರ್ಧದಿಂದ ಪೂರ್ತಿ ತೆರವಿಗೆ, ಮತ್ತೆ ಅರ್ಧಕ್ಕೆ ಎಳೆದಾಡಿಸಿ. ಶುದ್ಧ ಧೈವತ ಪಂಚಮದಿಂದ ಎದ್ದು ತೂಗುವಾಗ ಐದನೇ ಬೆರಳಿನ ಕೆಲಸ. ಮಾಯಾಮಾಳವಗೌಳದ ರಿಷಭದ ಕಂಪನಕ್ಕೆ ಎರಡನೇ ಬೆರಳು. ತಲೆ ಅಲ್ಲಾಡಿಸಿಯೋ ಉಸಿರು ನಡುಗಿಸಿಯೋ ಗಮಕ ತರುವುದು ಸುಲಭ, ಆದರೆ ಅದರಿಂದ ಬರುವುದು ಸ್ವರದ ನಡುಕ, ಗಮಕವಲ್ಲ. ಅಂಚು ಮುಟ್ಟದ ತೂಗಾಟದಿಂದ ರಾಗದ ರೂಪ ಕಾಣುವುದಿಲ್ಲ. ಮೊದಲು ಒಂದು ಅಕ್ಷರಕ್ಕೆ ಒಂದು ತೂಗು, ಎರಡು ಅಂಚುಗಳೂ ಸ್ಪಷ್ಟ; ಆಮೇಲೆ ಎರಡು, ನಾಲ್ಕು.

ಖರಹರಪ್ರಿಯದ ಗಾಂಧಾರ ರಿಷಭದಿಂದ ಮಧ್ಯಮದವರೆಗೆ ತೂಗಬೇಕು, ತೋಡಿಯದೂ ಮಧ್ಯಮವನ್ನು ಮುಟ್ಟಿ ಬರಬೇಕು. ಅಂದರೆ ಒಂದೇ ಗಮಕದ ಒಳಗೆ ಆ ಕಠಿಣ ದಾಟು ಬಂದು ಕೂರುತ್ತದೆ. ಅಲ್ಲಿ ಐದಾರು ಬೆರಳು ಇಳಿಸಿ ಎತ್ತಲು ಸಮಯವಿಲ್ಲ. ದಾರಿ ಊದಿನಲ್ಲಿದೆ. ಎಲ್ಲ ತೆರೆದ ಸ್ವರ ಉಳಿದೆಲ್ಲ ಸ್ವರಗಳಿಗಿಂತ ಉಸಿರಿಗೆ ಬೇಗ ಮಣಿಯುತ್ತದೆ. ಆರಂಭದಲ್ಲಿ ಗಾಂಧಾರ ಕೆಡಿಸುವ ಇದೇ ಚಂಚಲತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದನೇ ಬೆರಳು ರಿಷಭದಿಂದ ಅರ್ಧವನ್ನು ದಾಟಿ ಪೂರ್ತಿ ತೆರವಿಗೆ ಬರುವ ಹೊತ್ತಿಗೆ ಉಸಿರನ್ನು ಚೂರು ಮುಂದೊತ್ತಿ, ಕೊಳಲನ್ನು ಕೂದಲೆಳೆಯಷ್ಟು ಹೊರಕ್ಕೆ ಉರುಳಿಸಿದರೆ ಸ್ವರ ಅಂತರ ಗಾಂಧಾರವನ್ನು ಮೀರಿ ಮಧ್ಯಮದ ಹತ್ತಿರ ಮುಟ್ಟುತ್ತದೆ. ಅಲ್ಲಿ ನಿಲ್ಲುವಂತಿಲ್ಲ, ಮುಟ್ಟಿ ಬರಬೇಕಷ್ಟೇ. ಬೆರಳು ವಾಪಸ್ಸಾಗುವಾಗ ಉಸಿರೂ ವಾಪಸ್ಸಾಗಬೇಕು; ಇಲ್ಲದಿದ್ದರೆ ರಿಷಭ ಏರಿಹೋಗುತ್ತದೆ. ಮಧ್ಯಮದಲ್ಲಿ ನಿಲ್ಲುವ ಸಂಚಾರವಾದರೆ 2ರಿಂದ 6 ಮುಚ್ಚುವ ಬೆರಳಿಗೆ ಹೋಗಿ. ತೋಡಿಯನ್ನು ಕೊನೆಗೆ ಇಡಬೇಕೆಂದದ್ದು ಇದಕ್ಕೇ. ಹಾಡಲು ಬಾರದ ಗಾಂಧಾರ ನುಡಿಸಲು ಬರುವುದಿಲ್ಲ: ಕೊಳಲು ಪಕ್ಕಕ್ಕಿಟ್ಟು ಬಾಯಲ್ಲಿ ಹಾಡಿ ಅಂಚುಗಳನ್ನು ಗುರುತಿಸಿಕೊಳ್ಳಿ.

ತಾರಸ್ಥಾಯಿಯ ಮೇಲ್ತುದಿ

ತಾರ ಗಾಂಧಾರದವರೆಗೆ ಮಧ್ಯಸ್ಥಾಯಿಯ ಬೆರಳೇ ಮೇಲಿನ ಊದಿನಲ್ಲಿ ನಡೆಯುತ್ತದೆ. ಅದರಾಚೆ ಲೆಕ್ಕ ಬದಲಾಗುತ್ತದೆ. ಗಾಳಿಕಂಬ ಈಗ ಮೂರು ಭಾಗವಾಗಿ ಕಂಪಿಸಬೇಕು, ಹಾಗೆ ಕಂಪಿಸಿದಾಗ ಮೂಲ ಸ್ವರದ ಮೇಲಿನ ಸ್ಥಾಯಿಯ ಪಂಚಮ ಸಿಗುತ್ತದೆ. ಷಡ್ಜದ ಬೆರಳಿನಿಂದ (1, 2) ತಾರ ಪಂಚಮ, ಮೂರು ಮುಚ್ಚಿದ ಕೈಶಿಕಿ ನಿಷಾದದ ಬೆರಳಿನಿಂದ ತಾರ ಮಧ್ಯಮ. ಮಧ್ಯಮಕ್ಕೆ ಒಂದನೇ ರಂಧ್ರ ತೆರೆದು 2, 3 ಮಾತ್ರ ಮುಚ್ಚಿದರೆ ಸ್ವರ ಸಲೀಸಾಗಿ ಹೊರಡುತ್ತದೆ. ಪ್ರತಿ ಬಿದಿರಿನಲ್ಲೂ ಇವು ಕೊಂಚ ಏರುಪೇರು. ಕೆಳಗಿನ ರಂಧ್ರಗಳಲ್ಲಿ ಒಂದೆರಡನ್ನು ಮುಚ್ಚಿ ನೋಡಿ ಶ್ರುತಿಗೆ ಕೂಡುವ ಜೋಡಣೆ ಕಂಡುಕೊಂಡು ಅದನ್ನೇ ಖಾಯಂ ಮಾಡಿಕೊಳ್ಳಿ. ತುಟಿಯ ಸಂದು ಅತಿ ಕಿರಿದು, ಉಸಿರು ಅತಿ ವೇಗ. ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಇದನ್ನು ಮಾಡಿದರೆ ತುಟಿ ದಣಿದು ಮಂದ್ರಸ್ಥಾಯಿ ಕೆಡುತ್ತದೆ.

ದಿನದ ಒಂದು ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು: ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಉದ್ದ ಸ್ವರಗಳು ಹದಿನೈದು ನಿಮಿಷ, ಅರ್ಧ ರಂಧ್ರದ ಜಾರುಗಳು ಹತ್ತು, ವರಸೆ ಅಲಂಕಾರಗಳು ಇಪ್ಪತ್ತು, ಉಳಿದದ್ದು ಗೀತೆ ಅಥವಾ ವರ್ಣ. ಶ್ರುತಿಪೆಟ್ಟಿಗೆಯನ್ನು ಮೊದಲ ಐದು ನಿಮಿಷದ ನಂತರ ಮತ್ತೆ ಹೊಂದಿಸಿಕೊಳ್ಳಿ. ತಣ್ಣಗಿರುವ ಕೊಳಲು ತಗ್ಗಿ ನುಡಿಯುತ್ತದೆ. ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಅರೆಸ್ವರದ ನೂರರಲ್ಲಿ ಸುಮಾರು ಮೂರು ಪಾಲಿನಷ್ಟು ಏರುತ್ತದೆ. ಡಿಸೆಂಬರ್ ಮುಂಜಾವಿನಲ್ಲಿ ಹೊಂದಿಸಿದ ಶ್ರುತಿಗೆ ಅರ್ಧ ಗಂಟೆಯ ನಂತರ ಷಡ್ಜ ಕೂಡದಿದ್ದರೆ ಬೆರಳನ್ನು ತಿದ್ದಲು ಹೋಗಬೇಡಿ, ಪೆಟ್ಟಿಗೆಯನ್ನು ತಿರುಗಿಸಿ.